ಒದ್ದೆ ಗೋಣಿಯ ಸಾಲು

ಗೋಪಿನಾಥಂನ ಮೂವತ್ತು ಹೆಂಗಸರ ಕೆಟ್ಟುಹೋದ ರಕ್ತವನ್ನು ಕೆಡದ ರಕ್ತವೆಂದು ಬರೆದು, ಅದರ ಪಕ್ಕದಲ್ಲಿ ಯಳಂದೂರು ರಸ್ತೆಯ ರೇಷ್ಮೆ ರೀಲಿಂಗ್ ಶೆಡ್ಡಿನ ಮೂವತ್ತು ಹೆಂಗಸರ ರಕ್ತವನ್ನಿಟ್ಟು, ಎರಡೂ ಒಂದೇ, ಶೆಡ್ಡಿನ ಹೊಗೆಯಿಂದ ಯಾರಿಗೂ ಏನೂ ಆಗಿಲ್ಲ ಎಂದು ಕಾಲೇಜಿನವರು ವರದಿ ಮಾಡಿದರು. ವರದಿ ಹದಿನಾಲ್ಕು ಪುಟವಿತ್ತು.

ಹದಿನಾಲ್ಕನೇ ಪುಟದ ಕೆಳಗೆ ಪರೀಕ್ಷೆ ಮಾಡಿದವರ ಸಹಿಗೆ ಬಿಟ್ಟ ಜಾಗ ಇನ್ನೂ ಖಾಲಿಯಿತ್ತು. ಆ ಸಹಿ ಸಂಶೋಧನಾ ವಿದ್ಯಾರ್ಥಿನಿ ಪುಷ್ಪಳದಾಗಬೇಕಿತ್ತು. ಬೆಳಿಗ್ಗೆ ಹತ್ತೂಕಾಲಿಗೆ ಅವಳು ಕೊಳ್ಳೇಗಾಲದ ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀರಿನ ತೊಟ್ಟಿಯ ಸ್ವಿಚ್ ಹಾಕಿ, ಅದು ತೊಂಬತ್ತೈದು ಡಿಗ್ರಿಗೆ ಏರುವುದನ್ನು ಕಾಯುತ್ತ ನಿಂತಳು. ಸ್ಟ್ಯಾಂಡಿನಲ್ಲಿ ಎರಡು ಗಾಜಿನ ನಳಿಕೆಗಳಿದ್ದವು. ಎರಡರಲ್ಲೂ ಇದ್ದದ್ದು ಅವಳದೇ ರಕ್ತದ ತಿಳಿ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಅಟೆಂಡರ್ ನಟರಾಜು ಅವಳ ಎಡ ಮೊಣಕೈಯಿಂದ ಒಂದೇ ಸೂಜಿಯಲ್ಲಿ ಎರಡು ಪಾಲು ತೆಗೆದಿದ್ದ. ಒಂದು ಪಾಲು ನೇರ ಐಸಿಗೆ ಹೋಯಿತು. ಇನ್ನೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಿದಿರ ಬುಟ್ಟಿಯಲ್ಲಿಟ್ಟು, ತನ್ನ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಅವನು ದಿನವೆಲ್ಲ ತಿರುಗಿದ. ಹಾಗೆ ಮಾಡಲು ಅವಳೇ ಹೇಳಿದ್ದು. ಸಂಜೆ ಬುಟ್ಟಿ ಇಳಿಸುತ್ತ ನಟರಾಜು, "ನಿನ್ ರಕ್ತಾನ ಅನೂರ್ಗಂಟ ಎಲ್ಡ್ ಸಲ ಕರ್ಕಂಡೋಗಿ ಬಂದೆ ಕಣಮ್ಮಣ್ಣಿ, ಒಬ್ಬ್ರೂ ಟಿಕೀಟು ಕೇಳ್ನಿಲ್ಲ" ಅಂದಿದ್ದ. ಅವಳಿಗೆ ನಗು ಬಂದಿತ್ತು. ಈಗ ನಳಿಕೆಗಳನ್ನು ಬೆಳಕಿಗೆ ಹಿಡಿದಾಗ ನಗು ಬರಲಿಲ್ಲ. ಐಸಿನದು ಒಣಹುಲ್ಲಿನ ತಿಳಿಹಳದಿಯಲ್ಲಿತ್ತು. ಗೋಣಿಯದು ಆಗಲೇ ನಸುಗೆಂಪು. ಅದೇ ನಸುಗೆಂಪನ್ನು ಅವಳು ಎಂಟು ವಾರದ ಹಿಂದೆ ಮೂವತ್ತು ನಳಿಕೆಗಳಲ್ಲಿ ಕಂಡಿದ್ದಳು. ಕಂಡು, ತನ್ನ ಪ್ರಯೋಗದ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ಬರೆದಿದ್ದಳು.

ತೊಟ್ಟಿಯ ನೀರು ಸಣ್ಣಗೆ ಸದ್ದು ಮಾಡತೊಡಗಿತು. ಆ ಸದ್ದು ಕೇಳಿದರೆ ಅವಳಿಗೆ ಯಾವತ್ತೂ ಅವ್ವನ ಗೂಡು ಬೇಯಿಸುವ ಬೇಸಿನ್ನೇ ನೆನಪಾಗುವುದು. ಅವ್ವ ಚಿಕ್ಕನಿಂಗಮ್ಮ ಇಪ್ಪತ್ತಾರು ವರ್ಷದಿಂದ ಅದೇ ಶೆಡ್ಡಿನಲ್ಲಿ ನೂಲು ತೆಗೆಯುತ್ತಾಳೆ. ಕುದಿಯುವ ನೀರಿಗೆ ಗೂಡು ಸುರಿದು, ಕಡ್ಡಿಯಲ್ಲಿ ಒಂದು ಸುತ್ತು ತಿರುಗಿಸಿ, ಬರಿ ಬೆರಳನ್ನೇ ನೀರಿಗದ್ದಿ ಗೂಡಿನ ಮೈ ಮುಟ್ಟುತ್ತಾಳೆ. ಬೆಂದಿದೆಯೋ ಇಲ್ಲವೋ ಅನ್ನುವುದು ಅವಳ ಬೆರಳ ತುದಿಗೆ ಗೊತ್ತು. ಮಾಲೀಕ ಒಮ್ಮೆ ಮೈಸೂರಿನಿಂದ ಗಡಿಯಾರದಂಥದೊಂದು ಮೆಷಿನ್ ತಂದು, ಇಷ್ಟು ನಿಮಿಷ ಬೇಯಿಸಬೇಕು ಅಂತ ಸಾಲಾಗಿ ನಿಲ್ಲಿಸಿ ಹೇಳಿಕೊಟ್ಟ. ಅವತ್ತು ಬಂದದ್ದು ಮಳೆಗೂಡು, ಬೇಗ ಬೇಯುವಂಥದು. ಮೆಷಿನ್ ಕೂಗುವ ಹೊತ್ತಿಗೆ ಗೂಡೆಲ್ಲ ಮುದ್ದೆಯಾಗಿ ಎಳೆ ಹರಿದು ಕಸವಾಗಿತ್ತು. ಅವ್ವನ ಬೇಸಿನ್ನಿನದು ಮಾತ್ರ ಅವಳು ಕೂಗಿಗೆ ಮೊದಲೇ ತೆಗೆದದ್ದರಿಂದ ಚೆನ್ನಾಗಿತ್ತು. ಮಾಲೀಕ ಅದನ್ನು ನೋಡಿ ಹೋದ. ಮೆಷಿನ್ ಮರುದಿನದಿಂದ ಕಾಣಲಿಲ್ಲ. ಈ ಕತೆಯನ್ನು ಅವ್ವ ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡು, ಸೊಪ್ಪು ಸೋಸುತ್ತ, ಏನೂ ದೊಡ್ಡದಲ್ಲ ಎಂಬಂತೆ ಹೇಳುತ್ತಾಳೆ. ಅವಳ ಬೆರಳುಗಳ ಚರ್ಮ ಬಿಳಿಚಿ, ಗೀರುಬಿದ್ದು, ಆಧಾರ್ ಮೆಷಿನ್ನಿಗೆ ಗುರುತು ಸಿಗದೆ ಮೂರು ಸಲ ರೇಷನ್ ತಪ್ಪಿದೆ. ಆ ಬೆರಳು ನಿನ್ನದಲ್ಲ ಅಂತ ಮೆಷಿನ್ ಹೇಳಿತು. ಇಡೀ ಶೆಡ್ಡಿನಲ್ಲಿ ಅಂಥ ಬೆರಳು ಇನ್ನೊಂದಿಲ್ಲವೆಂದು ಪುಷ್ಪಳಿಗೆ ಗೊತ್ತು.

ನಳಿಕೆಗಳಿಗೆ ಆಮ್ಲ ಹಾಕಿದಳು. ಬಣ್ಣ ಬರಿಸುವ ಮದ್ದು ಹಾಕಿದಳು. ಬೇಯುವಾಗಲೇ ಹೊಸದಾಗಿ ಕೆಡದಂತೆ ತಡೆಯುವ ಮದ್ದನ್ನು ಒಂದೊಂದು ಹನಿ ಬಿಟ್ಟಳು. ಎಂಟು ವಾರದ ಹಿಂದೆ ಬಣ್ಣವನ್ನು ಅಂಕಿಗೆ ತಿರುಗಿಸುವ ಅಳತೆಯ ಗೆರೆಯನ್ನು ಗ್ರಾಫಿನಲ್ಲಿ ಎಳೆದಾಗ ಐದೂ ಚುಕ್ಕಿಗಳು ಒಂದೇ ಸಾಲಿನಲ್ಲಿ ಬಂದು ಕೂತಿದ್ದವು. ಆ ಗ್ರಾಫನ್ನು ಅವಳು ಮನೆಗೂ ಒಯ್ದು ಅವ್ವನಿಗೆ ತೋರಿಸಿದ್ದಳು. ಅವ್ವ ಅದನ್ನು ನೂಲಿನ ಎಳೆಯ ಹಾಗೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ನೆಟ್ಟಗದೆ" ಅಂದಿದ್ದಳು. ಅಷ್ಟು ಸಾಕಾಗಿತ್ತು. ಇದೇನು ಅಳೆಯುವುದು ಅಂತ ಕೇಳಿದಾಗ ಪುಷ್ಪ ಹೇಳಿದ್ದು ಇಷ್ಟು: ಹಳೇ ಎಣ್ಣೆ ಕಮಟುತ್ತದಲ್ಲ, ಹಾಗೆ ಹೊಗೆಗೂ ಧೂಳಿಗೂ ಮೈಯೊಳಗಿನ ಕೊಬ್ಬೂ ಕಮಟುತ್ತದೆ, ಕಮಟಿದ ಕೊಬ್ಬಿನ ಚೂರು ಈ ಮದ್ದಿನ ಜೊತೆ ಬೆಂದರೆ ಗುಲಾಬಿ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢವೋ ಕೇಡು ಅಷ್ಟು. ಅವ್ವ ಮೂಗರಳಿಸಿ, ಸತ್ತ ಹುಳದ ವಾಸನೆ ಹಂಗೇ ಇರ್ತದೆ, ಅದಕ್ಕೇನು ಮದ್ದು ಬೇಕಾ ಅಂದಳು. ಪುಷ್ಪ ಹೇಳದೆ ಬಿಟ್ಟದ್ದೂ ಇತ್ತು. ಆ ಗುಲಾಬಿ ಬಣ್ಣಕ್ಕೆ ನಿಯತ್ತಿಲ್ಲ. ಸಕ್ಕರೆಗೂ ಅದು ಬರುತ್ತದೆ, ಕಾಮಾಲೆಯ ಹಳದಿಗೂ ಬರುತ್ತದೆ, ರಕ್ತದ ಕಣ ಒಡೆದು ಕಬ್ಬಿಣ ತಿಳಿಗೆ ಸೇರಿದರೆ ಇನ್ನೂ ಬರುತ್ತದೆ. ತಡೆಯುವ ಮದ್ದು ಹಾಕಿದರೂ ಬೇಯಿಸುವುದರಿಂದಲೇ ಒಂದಿಷ್ಟು ಕೇಡು ಹುಟ್ಟುತ್ತದೆ. ಹುಡುಕಲು ಹೊರಟದ್ದನ್ನು ತಾನೇ ಮಾಡಿಟ್ಟು, ಇಗೋ ಸಿಕ್ಕಿತು ಅನ್ನುವ ಪರೀಕ್ಷೆ. ಹಾಗಂತ ಬಿಸಾಡುವಂಥದೂ ಅಲ್ಲ. ಹತ್ತು ರೂಪಾಯಿಯ ಮದ್ದಿನಲ್ಲಿ ನಮ್ಮಂಥವರ ಕೈಗೆ ಸಿಗುವುದು ಇದೊಂದೇ. ತೆಗೆದ ಕೂಡಲೇ ತಣ್ಣಗಿಟ್ಟು, ಎರಡು ಗುಂಪನ್ನೂ ಒಂದೇ ರೀತಿ ನಡೆಸಿಕೊಂಡರೆ ಹೋಲಿಸಿ ನೋಡಲಿಕ್ಕೆ ಆಗುತ್ತದೆ.

ಒಂದೇ ರೀತಿ. ನಳಿಕೆಗಳನ್ನು ಬಿಸಿನೀರಿಗೆ ಇಳಿಸಿ ಗಡಿಯಾರ ನೋಡಿದಳು. ಒಂದು ಗಂಟೆ. ಶೆಡ್ಡಿನ ಹೆಂಗಸರ ರಕ್ತ ತೆಗೆದದ್ದು ಗೇಟಿನ ಹೊರಗೆ, ಹುಣಸೆಮರದ ಕೆಳಗೆ, ಪಕ್ಕದಲ್ಲೇ ಐಸ್ ಪೆಟ್ಟಿಗೆ. ಸಾಲಿನಲ್ಲಿ ಅವ್ವನೂ ಬಂದು ತೋಳು ಚಾಚಿದ್ದಳು. ಮಗಳು ಪರೀಕ್ಷೆ ಮಾಡುವಾಗ ತಾಯಿಯ ರಕ್ತ ಅದರಲ್ಲಿರಬಾರದು ಎಂದು ಪುಷ್ಪ ಹೇಳಿ ವಾಪಸು ಕಳಿಸಿದಾಗ, ಅವ್ವ ಎರಡು ದಿನ ಮುನಿಸಿಕೊಂಡಿದ್ದಳು. ಮೂವತ್ತು ಜನರದೂ ತಗೊಂಡ್ಳು, ನನ್ನದೇನು ನೀರಾ ಅಂತ ಪಕ್ಕದ ಮನೆಯವರ ಹತ್ತಿರ ಆಡಿಕೊಂಡಿದ್ದಳಂತೆ. ಹೋಲಿಸಲು ರೇಷ್ಮೆ ಹೊಗೆ ಕುಡಿಯದ ಹೆಂಗಸರು ಬೇಕಿತ್ತು. ಗೋಪಿನಾಥಂ ಅಂತ ಅವಳೇ ಆರಿಸಿದ್ದು. ಅಲ್ಲಿ ಮೀನು, ಹೊಲ, ಕಾಡಿನ ಕೂಲಿ, ಬೇಸಿನ್ ಒಂದೂ ಇಲ್ಲ. ಬಸ್ಸೂ ಹೆಚ್ಚು ಕಡಿಮೆ ಇಲ್ಲ. ಅಲ್ಲಿಗೆ ಹೋಗುವ ಹಿಂದಿನ ಸಂಜೆ ಐಸ್ ಪೆಟ್ಟಿಗೆ ತರಲು ವಿಭಾಗದ ಮುಖ್ಯಸ್ಥ ಡಾಕ್ಟರ್ ಗುರುಪ್ರಕಾಶ್ ಅವರ ಮನೆಗೆ ಹೋಗಿದ್ದಳು. ಮೊಮ್ಮಗುವಿನ ನಾಮಕರಣಕ್ಕೆಂದು ಅವರು ಅದನ್ನು ಕಾಲೇಜಿನಿಂದ ಒಯ್ದಿದ್ದರು. ಜೈವಿಕ ಮಾದರಿ ಎಂದು ಅವಳ ಕೈಬರಹದಲ್ಲೇ ಚೀಟಿ ಅಂಟಿಸಿದ್ದ ಪೆಟ್ಟಿಗೆ ಹಜಾರದಲ್ಲಿ ಕಾಣುತ್ತಿತ್ತು. ಯಾರೋ ಅದರಿಂದ ಐಸ್‌ಕ್ರೀಮ್ ತೆಗೆದು ಹಂಚುತ್ತಿದ್ದರು. ಮುಖ್ಯಸ್ಥರ ಹೆಂಡತಿ ಮಾಲಿನಿ ಹೊರಗೆ ಬಂದು, ಇನ್ನೂ ನೆಂಟರು ಬರೋರಿದ್ದಾರೆ, ನಾಳೆ ತಗೊಂಡರಾಗದಾ ಅಂದರು. ಜಗಲಿಯಲ್ಲಿ ಅವಳ ಪಕ್ಕ ಕೂತಿದ್ದವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಅವಳಿಗೆ ಪೇಪರ್ ಕಪ್ಪಿನಲ್ಲಿ. ಅವಳು ಕಪ್ಪನ್ನು ಪೂರ್ತಿ ಕುಡಿದಳು, ಮಡಿಸಿ ಕೈಚೀಲದೊಳಗೇ ಇಟ್ಟುಕೊಂಡಳು, ಅವರ ಮನೆಯ ಬುಟ್ಟಿಗೂ ಹಾಕಲಿಲ್ಲ. ಪೆಟ್ಟಿಗೆಯನ್ನು ಎರಡನೇ ಸಲ ಕೇಳಲಿಲ್ಲ. ಆವತ್ತಿನ ಆ ಬಿಗುಮಾನ ಈಗ ಬಾಯಲ್ಲಿ ಪೇಪರಿನ ರುಚಿಯಾಗಿ ಬರುತ್ತದೆ. ಎರಡನೇ ಸಲ ಕೇಳಿದ್ದರೆ ಮೂವತ್ತು ಜನರ ರಕ್ತ ಉಳಿಯುತ್ತಿತ್ತೇನೋ. ಕೇಳಿದ್ದರೂ ಕೊಡುತ್ತಿರಲಿಲ್ಲ ಅಂದುಕೊಳ್ಳುತ್ತಾಳೆ. ಮತ್ತೆ, ಕೇಳಬೇಕಿತ್ತು ಅಂದುಕೊಳ್ಳುತ್ತಾಳೆ.

ಆ ಹೆಂಗಸರು ಅವತ್ತು ಹೊಳೆಗೂ ಹೊಲಕ್ಕೂ ಹೋಗದೆ ಕಾದಿದ್ದರು. ಇನ್ನೊಂದು ದಿನ ಬನ್ನಿ ಅನ್ನುವ ಮುಖ ಅವಳಿಗಿರಲಿಲ್ಲ. ರಾಮಮ್ಮ ಎಂಬ ಮುದುಕಿ ಸೂಜಿ ಚುಚ್ಚುವಾಗ ಕಣ್ಣು ಮಿಟುಕಿಸದೆ, ಕನ್ನಡಕ್ಕೆ ತಮಿಳು ಬೆರೆಸಿ, "ಎಂಗ ರತ್ತಂ ಅವ್ರಿಗೆ ಸಾಚ್ಚಿ ಏಳ್ತದಾ ಕಣ್ಣು?" ಅಂದಿದ್ದಳು. ನಿಮ್ಮ ರಕ್ತ ಶೆಡ್ಡಿನವರಿಗೆ ಸಾಕ್ಷಿ ಹೇಳ್ತದೆ ಪಾಟಿ, ಅಂತ ಅಜ್ಜಿಗೆ ಅಂದಿದ್ದಳು ಪುಷ್ಪ. ಆಮೇಲೆ ನಳಿಕೆಗಳನ್ನು ಏನು ಮಾಡುವುದೆಂದು ತಲೆ ಯೋಚಿಸುವ ಮೊದಲೇ ಕೈ ತೀರ್ಮಾನ ಮಾಡಿತ್ತು. ಅವಳ ಅಪ್ಪ ಚಿಕ್ಕಸಿದ್ದಯ್ಯ ಬಂಡಳ್ಳಿಯ ರೈತರಿಗೆ ಹುಳದ ಮೊಟ್ಟೆಯ ಹಾಳೆಗಳನ್ನು ಕೊಳ್ಳೇಗಾಲದಿಂದ ಒಯ್ಯುತ್ತಿದ್ದುದು ಹಾಗೆಯೇ: ಬಿದಿರ ಬುಟ್ಟಿ, ಗೋಣಿಯನ್ನು ನೀರಲ್ಲದ್ದಿ ಹಿಂಡಿ ಸುತ್ತು, ಗಾಳಿಯಾಡಲು ಬಿಡು, ಐಸು ಮಾತ್ರ ತೋರಿಸಬೇಡ, ಮೊಟ್ಟೆ ಸಾಯುತ್ತದೆ. ನಲವತ್ತು ವರ್ಷದಲ್ಲಿ ಒಂದು ಹಾಳೆಯೂ ಸತ್ತಿರಲಿಲ್ಲ. ಜೀವ ಇರುವುದನ್ನು ಒಯ್ಯುವುದು ಹೀಗೆ ಎಂದು ಅವಳ ಕೈಗೆ ಗೊತ್ತಿತ್ತು. ಗೋಣಿಯನ್ನು ಹಿಂಡುವಾಗ ಅವಳಿಗೆ ಹೆಮ್ಮೆಯೇ ಆಗಿತ್ತು, ಪೆಟ್ಟಿಗೆಯ ಹಂಗಿಲ್ಲದೆ ಒಯ್ಯುತ್ತಿದ್ದೇನೆ ಅಂತ. ಬಸ್ಸು ಘಾಟಿಯಲ್ಲಿ ಕೆಟ್ಟು ಮೂರು ಗಂಟೆ ನಿಂತಿತು. ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ಕುಡಿಯುವ ನೀರನ್ನೂ ಗೋಣಿಗೆ ಚಿಮುಕಿಸುತ್ತ ಕೂತಿದ್ದಳು, ಬಾಯಾರಿದ ಕೂಸನ್ನು ನೋಡಿಕೊಳ್ಳುವ ಹಾಗೆ. ಬೆಚ್ಚಗೆ, ಅಲುಗಾಡುತ್ತ, ಅಷ್ಟು ಅಕ್ಕರೆಯಲ್ಲಿ ಮೂವತ್ತು ಜನರ ರಕ್ತ ಅವಳ ತೊಡೆಯ ಮೇಲೇ ಕೆಟ್ಟಿತು. ಪ್ರಯೋಗಶಾಲೆಗೆ ಬಂದು, ರಕ್ತದಿಂದ ತಿಳಿ ಬೇರೆ ಮಾಡುವ ತಿರುಗುಯಂತ್ರದಿಂದ ಮೊದಲ ನಳಿಕೆ ತೆಗೆದಾಗಲೇ ತಿಳಿದಿತ್ತು. ಒಬ್ಬಳೇ ನಿಂತು ಪುಸ್ತಕ ತೆರೆದು ಬರೆದಳು. ಚಿಕ್ಕಂದಿನಲ್ಲಿ ಬೀದಿಯ ಸಮುದಾಯ ಭವನದಲ್ಲಿ ಭಾನುವಾರದ ಓದು ನಡೆಯುತ್ತಿತ್ತು. ಅಲ್ಲಿ ಒಂದೇ ಕಟ್ಟಳೆ: ಯಾರು ಏನೇ ಹೇಳಲಿ, ಪುಟದ ಮೇಲೆ ಬೆರಳಿಟ್ಟು ಹೇಳಬೇಕು. ಎಲ್ಲಿ ಬರೆದದೆ, ತೋರ್ಸು. ದೊಡ್ಡವರಿಗೂ ಅದೇ, ಭಾಷಣಕ್ಕೆ ಬಂದವರಿಗೂ ಅದೇ. ಬರೆಯದೆ ಬಿಟ್ಟರೆ ನಾಳೆ ಬೆರಳಿಡಲು ಜಾಗ ಇರುವುದಿಲ್ಲ ಎಂದು ಅವಳಿಗೆ ಹತ್ತು ವರ್ಷಕ್ಕೇ ಗೊತ್ತಾಗಿತ್ತು.

ಸಾಲು ಹೀಗಿತ್ತು: ಐಸ್ ಪೆಟ್ಟಿಗೆ ಇಲ್ಲ, ಮುಖ್ಯಸ್ಥರ ಮನೆಯಲ್ಲಿದೆ. ಬಿದಿರ ಬುಟ್ಟಿ, ಒದ್ದೆ ಗೋಣಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳು. ತಿಳಿ ಮೂವತ್ತಕ್ಕೆ ಮೂವತ್ತೂ ನಸುಗೆಂಪು. ತಪ್ಪು ನನ್ನದು. ಪುಷ್ಪ.

ಗುರುಪ್ರಕಾಶರು ಆಗ ಅದನ್ನು ಓದಿರಲಿಲ್ಲ. ಅಂಕಿಗಳನ್ನಷ್ಟೇ ಕೇಳಿ ಪಡೆದು, ಅವಳು ಎರಡು ಸಲ ಹೇಳಿದರೂ ನೋಡೋಣ ನೋಡೋಣ ಎಂದು, ವರದಿ ಮುಗಿಸಿದ್ದರು. ಶೆಡ್ಡಿನವರದು ಸರಾಸರಿ ನಾಲ್ಕು ಪಾಯಿಂಟ್ ಮೂರು, ಗೋಪಿನಾಥಂದು ನಾಲ್ಕು ಪಾಯಿಂಟ್ ನಾಲ್ಕು. ಮಾಲೀಕ ಎರಡು ಸಲ ಕಾಲೇಜಿಗೆ ಬಂದು ಹೋದ. ಶೆಡ್ಡಿಗೆ ಹೊಗೆಕೊಳವೆಯೂ ಫ್ಯಾನೂ ಬೇಕೆಂದು ಹೆಂಗಸರು ಕೊಟ್ಟ ಅರ್ಜಿಯ ವಿಚಾರಣೆ ನಾಳೆ. ನಿನ್ನೆ ಸಂಜೆ ಆ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದ್ದ ದೊಡ್ಡಮಾದಮ್ಮ ಯಳಂದೂರಿನ ಇವರ ಮನೆ ಬಾಗಿಲಿಗೆ ಬಂದು, ಒಳಗೆ ಬಾರದೆ, ಹೊಸ್ತಿಲಲ್ಲೇ ಕೂತು ಕೆಮ್ಮಿದಳು.

"ಒಗೆಯಿಂದ ನಮ್ಗೆ ಆಗ್ಯದೆ ಅಂತ ಬರಿಯವ್ವ," ಅಂದಳು ಆಮೇಲೆ. "ನಾವೇನ್ ಸುಳ್ಳೇಳ್ತಿದ್ದೀವಾ?"

ಅದೇ ಕಷ್ಟವಾಗಿತ್ತು. ಬರೆಯಲು ಅವಳ ಕೈ ತುಡಿಯುತ್ತಿತ್ತು. ಸುಳ್ಳಲ್ಲವೆಂದು ಆ ಕೆಮ್ಮೇ ಹೇಳುತ್ತಿತ್ತು, ಒಳಗೆ ಸೊಪ್ಪು ಸೋಸುತ್ತಿದ್ದ ಬೆರಳೂ ಹೇಳುತ್ತಿತ್ತು. ಆದರೆ ಬೆರಳಿಡಲು ಪುಟದಲ್ಲಿ ಜಾಗವಿರಲಿಲ್ಲ. ಆಗಿಲ್ಲ ಅನ್ನುವ ವರದಿ ಸುಳ್ಳು, ಆಗಿದೆ ಅಂತ ಈ ಪರೀಕ್ಷೆಯಿಂದ ಹೇಳಿದರೆ ಅದೂ ಸುಳ್ಳೇ, ಹೋಲಿಸಬೇಕಾದ ರಕ್ತವನ್ನು ತಾನೇ ಕೆಡಿಸಿದೆ ಎಂದು ಅವಳು ತಡವರಿಸುತ್ತ ಹೇಳಿದಳು. ಬುಟ್ಟಿ, ಗೋಣಿ, ಬಸ್ಸು ಎಲ್ಲ ಹೇಳಿದಳು. ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿದ್ದಳು. ದೊಡ್ಡಮಾದಮ್ಮ ಬಯ್ಯುತ್ತಾಳೆಂದು ಪುಷ್ಪ ಕಾದಳು, ಬಯ್ದಿದ್ದರೆ ಹಗುರಾಗುತ್ತಿತ್ತು.

"ಎಚ್ಚಾಗಿ ಬೆಂದ ಗೂಡ್ನಂಗಾಯ್ತು ಅನ್ನು," ಅಂದಳು ದೊಡ್ಡಮಾದಮ್ಮ. "ಎಳೆ ಅರ್ದೋಯ್ತದೆ. ಗೂಡೇ ಕೆಟ್ಟಿತ್ತಾ, ಬೇಸ್ದೋಳು ಕೆಡಿಸಿದ್ಲಾ, ನೋಡಿ ಏಳಕಾಗಕಿಲ್ಲ." ಮತ್ತೆ ಸೆರಗು ಸರಿಸಿ, ಸೂಜಿಗೆ ಚಾಚಿದ ಹಾಗೆ ಬಲತೋಳನ್ನು ಪುಷ್ಪಳ ಮುಂದೆ ಚಾಚಿದಳು. "ಅಂಗಾರೆ ಇನ್ನೊಂದ್ ಸಲ ತಕ. ರಕ್ತಕ್ಕೇನ್ ಬರವಾ ನಮ್ಗೆ?"

ಹಿಂದಿನಿಂದ ಅವ್ವ, "ಈ ಸಲ್ವಾದ್ರೂ ನಂದ್ ತಕತೀಯಾ, ಇಲ್ವಾ?" ಅಂದಳು.

ಪ್ರಯೋಗಶಾಲೆಯ ಗಡಿಯಾರ ಹನ್ನೊಂದೂವರೆ ಮುಟ್ಟಿತು. ನಳಿಕೆಗಳನ್ನು ತೆಗೆದು ತಣ್ಣೀರಿಗಿಟ್ಟು, ತಿರುಗಿಸಿ, ಬಣ್ಣ ಅಳೆಯುವ ಬೆಳಕಿನ ಯಂತ್ರದ ಬಾಯಿಗೆ ಒಂದೊಂದಾಗಿ ಕೊಟ್ಟಳು. ಐಸಿನದು ಗುಲಾಬಿಯೋ ಅಲ್ಲವೋ ಎಂಬಷ್ಟು ತಿಳಿ: ಒಂದು ಪಾಯಿಂಟ್ ಒಂಬತ್ತು. ಗೋಣಿಯದು ಮದುವೆಮನೆಯ ಶರಬತ್ತಿನ ಬಣ್ಣ: ನಾಲ್ಕು ಪಾಯಿಂಟ್ ಆರು. ಅವಳು ಎರಡನ್ನೂ ಮತ್ತೊಮ್ಮೆ ಓದಿಸಿದಳು. ಅಷ್ಟೇ ಬಂತು. ಒಂದೇ ತೋಳು, ಒಂದೇ ಸೂಜಿ, ಇಬ್ಬರು ಬೇರೆ ಹೆಂಗಸರದೆಂಬಂಥ ಅಂಕಿ. ಒಬ್ಬಳ ರಕ್ತದಿಂದ ಲೋಕಕ್ಕೆ ಸಾಬೀತಾಗುವುದು ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು, ಅದನ್ನೂ ಬರೆದಳು. ಆದರೂ ಎದೆಯೊಳಗೆ ಏನೋ ನೆಟ್ಟಗೆ ನಿಂತ ಹಾಗಾಯಿತು. ತಾನು ತಪ್ಪು ಮಾಡಿದ್ದೇನೆ ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ತೋರಿಸಬಲ್ಲವರು ಈ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ ಅನಿಸಿ ನಾಚಿಕೆಯೂ ಆಯಿತು, ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆ ಆಯಿತು. ನಟರಾಜು ಬಾಗಿಲಲ್ಲಿ ಇಣುಕಿ, ಏನ್ ಬಂತು ಅಂತ ಗಲ್ಲ ಎತ್ತಿ ಸನ್ನೆಯಲ್ಲೇ ಕೇಳಿದ. ಅವಳು ಎರಡು ನಳಿಕೆ ಎತ್ತಿ ತೋರಿಸಿದಳು. ಅವನು ಗೋಣಿಯದನ್ನು ನೋಡಿ ಸಣ್ಣಗೆ ಶಿಳ್ಳೆ ಹೊಡೆದು, ಹಿಂದೆ ಹೆಜ್ಜೆ ಸದ್ದು ಕೇಳಿ, ಕಸಪೊರಕೆ ತೆಗೆದುಕೊಂಡ.

ಗುರುಪ್ರಕಾಶರು ಒಳ್ಳೆಯ ಮೂಡಿನಲ್ಲಿದ್ದರು. ಒಂದು ಕೈಯಲ್ಲಿ ವರದಿ, ಇನ್ನೊಂದರಲ್ಲಿ ಅವಳ ಪುಸ್ತಕ. ಬೆಳಿಗ್ಗೆ ಯಾವಾಗ ಅದನ್ನು ಅವಳ ಡ್ರಾಯರಿನಿಂದ ತೆಗೆದರೋ. ಇವತ್ತಿನದನ್ನು ಬರೆಯಲು ಪುಸ್ತಕ ಸಿಗದೆ ಅವಳು ಬಿಡಿ ಹಾಳೆ ಹಿಡಿದಿದ್ದಳು, ಅದೇಕೆ ಸಿಗಲಿಲ್ಲ ಎಂದು ಈಗ ಹೊಳೆಯಿತು. ಕಾರ್ಮಿಕ ಇಲಾಖೆಯವರು ಮೂಲ ಪುಸ್ತಕ ಕೇಳಿದ್ದಾರಂತೆ, ನಾಳೆ ವರದಿಯ ಜೊತೆ ಹೋಗಬೇಕಂತೆ. ಅವರು ಕೂತು, ಅವಳಿಗೂ ಸ್ಟೂಲು ತೋರಿಸಿದರು. ಆರು ವರ್ಷದಲ್ಲಿ ಮೊದಲ ಸಲ. ವರದಿಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪುಸ್ತಕದ ಅರವತ್ತೊಂದನೇ ಪುಟ ತೆರೆದರು. ಜೇಬಿನಿಂದ ಬಿಳಿ ವೈಟ್ನರ್ ಬಾಟಲಿ ತೆಗೆದು, ಮುಚ್ಚಳ ತಾವೇ ಬಿಚ್ಚಿ, ಪುಟದ ಪಕ್ಕ ಇಟ್ಟರು.

ಅವಳು ಎರಡು ನಳಿಕೆಗಳನ್ನು ಅವರ ಮುಂದಿಟ್ಟು, ಐಸಿನದು, ಗೋಣಿಯದು ಎಂದು ವಿವರಿಸತೊಡಗಿದಳು. ಅವರು ತಾಳ್ಮೆಯಿಂದ ಕೇಳಿದರು. ಈ ಪರೀಕ್ಷೆಗೆ ಮಿತಿಗಳಿವೆ ಅಂತ ಪ್ರಪಂಚಕ್ಕೆಲ್ಲ ಗೊತ್ತು, ಆದರೂ ಪ್ರಪಂಚವೆಲ್ಲ ಇದನ್ನೇ ಮಾಡುತ್ತದೆ ಅಂದರು. ಹದಿಮೂರನೇ ಪುಟದಲ್ಲಿ ಮಿತಿಗಳು ಅಂತಲೇ ಒಂದು ಪ್ಯಾರಾ ಇದೆಯಲ್ಲ ಅಂದರು. ಅವಳು ಅದನ್ನು ಓದಿದ್ದಳು. ಹೆಚ್ಚು ಜನರ ಮೇಲೆ ಅಧ್ಯಯನ ನಡೆಯಬೇಕಾದ ಅಗತ್ಯವಿದೆ ಎಂದಿತ್ತು. ಗೋಣಿ ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ, ರಾಮಮ್ಮ ಇರಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ, ನಿಮ್ಮ ತಾಯಿ ಅದೇ ಶೆಡ್ಡಿನಲ್ಲಿರೋದು ಅಲ್ವಾ, ವಿಚಾರಣೆಯಲ್ಲಿ ಆ ಪ್ರಶ್ನೆ ಬಂದರೆ ನಿಮ್ಮ ಹೆಸರು ಹಾಳಾಗುತ್ತೆ ಅಂದರು. ಥೀಸಿಸ್ಸು ಈ ತಿಂಗಳು ತಮ್ಮ ಟೇಬಲ್ಲಿಗೆ ಬರುತ್ತದೆ ಅಂದರು. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲಿಲ್ಲ. ಹೊರಗೆ ನಟರಾಜು ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದ.

"ನೋಡಿ ಪುಷ್ಪ, ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಅಂದರು. "ಇದು ನಿಮ್ಮದೇ ತಪ್ಪು ಅಂತ ನೀವೇ ಬರ್ಕೊಂಡಿದ್ದೀರಿ. ಇದೊಂದು ಸಾಲು ಹೋದ್ರೆ ನಿಮ್ಮ ತಪ್ಪೂ ಹೋಗುತ್ತೆ. ಯಾರಿಗೆ ನಷ್ಟ? ಬಳಿದು, ಸಹಿ ಹಾಕಿ."

ಅವರ ಬೆರಳು ಸಾಲಿನ ಮೇಲಿತ್ತು. ಮೆತ್ತನೆಯ, ಗೀರಿಲ್ಲದ, ಯಾವ ಮೆಷಿನ್ನಾದರೂ ಒಂದೇ ಸಲಕ್ಕೆ ಗುರುತು ಹಿಡಿಯುವ ಬೆರಳು. ಅದು ನಿಂತದ್ದು ತಪ್ಪು ನನ್ನದು ಎಂಬಲ್ಲಿ ಅಲ್ಲ, ಮುಖ್ಯಸ್ಥರ ಮನೆಯಲ್ಲಿದೆ ಎಂಬಲ್ಲಿ ಎಂದು ಅವಳು ನೋಡಿದಳು. ಅವರಿಗೆ ಆ ತಪ್ಪು ಬೇಡವಾಗಿತ್ತು, ಎಸೆದುಬಿಡಬಹುದಾದ ವಸ್ತುವಾಗಿತ್ತು. ಅವಳಿಗೆ ಅದರಲ್ಲಿ ಗೋಣಿಯ ಒದ್ದೆಯಿತ್ತು, ಅಪ್ಪನ ನಲವತ್ತು ವರ್ಷದ ಬುಟ್ಟಿಯಿತ್ತು, ಘಾಟಿಯಲ್ಲಿ ಬಾಯಾರಿಕೊಂಡು ಚಿಮುಕಿಸಿದ ನೀರಿತ್ತು, ಹೊಳೆಗೆ ಹೋಗದೆ ಕಾದ ಮೂವತ್ತು ತೋಳುಗಳಿದ್ದವು. ತಮ್ಮವರ ಬಳಿ ತಮ್ಮದೆಂದು ಬರೆದಿಟ್ಟದ್ದು ಎಷ್ಟು ಕಡಿಮೆ. ಅದರಲ್ಲಿ ಒಂದು ತಪ್ಪಾದರೂ ಪೂರ್ತಿ ತಮ್ಮ ಕೈಬರಹದಲ್ಲಿರಲಿ. ಬಾಟಲಿಯಿಂದ ಬಂದ ವಾಸನೆ ಮೂಗಿಗೆ ಚುಚ್ಚಿತು. ಅವಳು ಅದರ ಮುಚ್ಚಳ ಹುಡುಕಿ, ನಿಧಾನವಾಗಿ ತಿರುಗಿಸಿ ಬಿಗಿ ಮಾಡಿ, ಸಹಿಯಿಲ್ಲದ ವರದಿಯ ಜೊತೆಗೇ ಅವರ ಕಡೆಗೆ ಸರಿಸಿದಳು. ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಅದೇ ಪುಟದ ಮೇಲೆ ಅಂಗೈ ಅಗಲಿಸಿ ಇಟ್ಟಳು. ಆರು ವರ್ಷದಲ್ಲಿ ಈ ಕೋಣೆಯಲ್ಲಿ ಅವಳು ಒಂದು ಸಲವೂ ಮನೆಯ ಮಾತು ಆಡಿರಲಿಲ್ಲ.

"ಬಳಿಯಾಕಿಲ್ಲ ಸಾ," ಅಂದಳು. "ತಪ್ಪು ನಂದು. ಇಲ್ಲೇ ಇರ್ತದೆ."